ರಿಯಾಕ್ಟರ್ ಪಕ್ಕದ ಲಾಗ್‌ಶೀಟ್

4 ಸೆಪ್ಟೆಂಬರ್ 2023, ಸೋಮವಾರ
ಆರ್.ಟಿ. ನಗರ

ಇವತ್ತಿನಿಂದ ನಾನು ಅಪ್ರೆಂಟಿಸ್. ಐಟಿಐನಲ್ಲಿ ಎರಡು ವರ್ಷ ಓದಿದ ಟ್ರೇಡಿನ ಹೆಸರು ‘ಅಟೆಂಡೆಂಟ್ ಆಪರೇಟರ್, ಕೆಮಿಕಲ್ ಪ್ಲಾಂಟ್’. ಗೌರಿಬಿದನೂರಿನಲ್ಲಿ ಯಾರಿಗೆ ಹೇಳಿದರೂ “ಅಂದ್ರೆ ಲ್ಯಾಬಾ?” ಅಂತಾರೆ. ಲ್ಯಾಬಿನ ಬೀಕರಿನಲ್ಲಿ ಕಣ್ಣೆದುರು ನಡೆಯುವುದು ಇಲ್ಲಿ ಉಕ್ಕಿನ ರಿಯಾಕ್ಟರಿನೊಳಗೆ, ಟನ್‌ಗಟ್ಟಲೆ, ಕಣ್ಣಿಗೆ ಕಾಣದಂತೆ ನಡೆಯುತ್ತದೆ ಅಂತ ವಿವರಿಸುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ.

ಬೆಂಗಳೂರಿನಲ್ಲಿ ನಾನಿರುವುದು ಚಿಕ್ಕಮ್ಮನ ಮನೆಯಲ್ಲಿ. ಅವರು ಐದಕ್ಕೇ ಎದ್ದು ಚಿತ್ರಾನ್ನ ಕಟ್ಟಿಕೊಟ್ಟರು. ಆರ್.ಟಿ. ನಗರದಿಂದ ಬಸ್ಸು ಮೇಖ್ರಿ ಸರ್ಕಲ್ ದಾಟಿ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದೆ ಯಶವಂತಪುರಕ್ಕೆ ಬಂತು. ಅಲ್ಲಿಂದ ಮೆಟ್ರೋ. ಗೊರಗುಂಟೆಪಾಳ್ಯ, ಪೀಣ್ಯ, ಆಮೇಲೆ ಪೀಣ್ಯ ಇಂಡಸ್ಟ್ರಿ. ಇಳಿದು ಸ್ವಲ್ಪ ನಡೆದರೆ ನಮ್ಮ ಕಾರ್ಖಾನೆ. ಬಣ್ಣದ ಕಂಪನಿಗಳಿಗೆ ಬೇಕಾದ ಆಲ್ಕಿಡ್ ರೆಸಿನ್ ಇಲ್ಲಿ ತಯಾರಾಗುತ್ತದೆ. ಗೇಟಿಗೂ ಬಣ್ಣ ಬಳಿಯುತ್ತೇವೆ, ಕಿಟಕಿ ಸರಳಿಗೂ ಬಳಿಯುತ್ತೇವೆ. ಆ ಎನಾಮಲ್ ಒಣಗಿ ಗಟ್ಟಿಯಾಗಿ ಕೂರುವುದು ಈ ರೆಸಿನ್‌ನಿಂದ.

ಮೊದಲ ದಿನ ಯಂತ್ರದ ಹತ್ತಿರಕ್ಕೂ ಬಿಡಲಿಲ್ಲ. ಹೆಲ್ಮೆಟ್, ಸೇಫ್ಟಿ ಶೂ, ಕನ್ನಡಕ ಕೊಟ್ಟರು. ಮೊಬೈಲು, ಬೆಂಕಿಪೊಟ್ಟಣ ಗೇಟಿನಲ್ಲೇ. ಸೇಫ್ಟಿ ಶವರ್ ಎಲ್ಲಿದೆ, ಕಣ್ಣು ತೊಳೆಯುವ ನಲ್ಲಿ ಎಲ್ಲಿದೆ ಎಂದು ತೋರಿಸಿ, ಕಣ್ಣು ಮುಚ್ಚಿಕೊಂಡು ಅಲ್ಲಿಗೆ ನಡೆದುಹೋಗು ಅಂದರು. ಕಣ್ಣಿಗೆ ಕಾಸ್ಟಿಕ್ ಸಿಡಿದವರಿಗೆ ದಾರಿ ಕಾಣುವುದಿಲ್ಲವಲ್ಲ. ನೀರು ಹಾಕಲು ಶುರುಮಾಡಿದರೆ ಕನಿಷ್ಠ ಹದಿನೈದು ನಿಮಿಷ ನಿಲ್ಲಿಸಬಾರದಂತೆ. ಈ ಒಂದು ಅಭ್ಯಾಸದಿಂದಲೇ ಇದು ಒಳ್ಳೆಯ ಜಾಗ ಅನ್ನಿಸಿತು.

9 ಸೆಪ್ಟೆಂಬರ್, ಶನಿವಾರ

ಈ ವಾರವೆಲ್ಲ ಪೈಪುಗಳ ಹಿಂದೆ ಅಲೆದಾಟ. ಕೆಲಸ ಕಲಿಯಲು ನನ್ನನ್ನು ಒಪ್ಪಿಸಿರುವುದು ತುಮಕೂರು ಕಡೆಯ ಹಿರಿಯ ಆಪರೇಟರ್ ಒಬ್ಬರಿಗೆ. ಎಲ್ಲರೂ ಅಣ್ಣ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಒಂದು ಖಾಲಿ ಹಾಳೆ ಕೈಗೆ ಕೊಟ್ಟು, “ಎಣ್ಣೆ ಟ್ಯಾಂಕಿನಿಂದ ಶುರುಮಾಡಮ್ಮ, ಎಣ್ಣೆ ಎಲ್ಲೆಲ್ಲಿ ಹೋಗುತ್ತೋ ನೀನೂ ಅಲ್ಲೆಲ್ಲ ಹೋಗು, ಸಿಕ್ಕಿದ ವಾಲ್ವನ್ನೆಲ್ಲ ಬರಿ” ಅಂದರು. ಆಫೀಸಿನಲ್ಲಿ ಪ್ಲಾಂಟಿನ ನಕ್ಷೆ ಇದೆ. ಅದನ್ನು ತೋರಿಸಿದ್ದು ನನ್ನ ಹಾಳೆ ತುಂಬಿದ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಕ್ಷೆಯಲ್ಲಿಲ್ಲದ ಒಂದು ಡ್ರೈನ್ ವಾಲ್ವ್ ನನ್ನ ಹಾಳೆಯಲ್ಲಿತ್ತು. ಅಣ್ಣ ಅದನ್ನು ಮೇಂಟೆನೆನ್ಸಿನವರಿಗೆ ತೋರಿಸಿ ನಕ್ಷೆಗೆ ಸೇರಿಸುವಂತೆ ಮಾಡಿದರು.

ಥರ್ಮಿಕ್ ಫ್ಲೂಯಿಡ್ ಅಂದರೆ ರಿಯಾಕ್ಟರನ್ನು ಕಾಯಿಸುವ ಬಿಸಿ ಎಣ್ಣೆ. ಹೀಟರಿನಿಂದ ಹೊರಟು ರಿಯಾಕ್ಟರಿನ ಹೊರಮೈಯ ಜಾಕೆಟ್ಟಿನಲ್ಲಿ ಸುತ್ತಿ ವಾಪಸು ಹೋಗುತ್ತದೆ. ರಿಯಾಕ್ಟರಿನ ತಲೆಯಿಂದ ವೇಪರ್ ಲೈನು, ಅದರ ತುದಿಗೆ ಕಂಡೆನ್ಸರ್, ಅದರ ಕೆಳಗೆ ಡಿಕ್ಯಾಂಟರ್. ಡಿಕ್ಯಾಂಟರಿನಲ್ಲಿ ಕ್ಸೈಲೀನ್ ಎಂಬ ದ್ರಾವಕ ಮೇಲೆ, ನೀರು ಕೆಳಗೆ. ಕ್ಸೈಲೀನ್ ವಾಪಸು ರಿಯಾಕ್ಟರಿಗೆ, ನೀರು ಹೊರಕ್ಕೆ. ಬರೆದರೆ ಇಷ್ಟೇ. ನಡೆದು ನೋಡಿದರೆ ಮೂರು ಅಂತಸ್ತು.

17 ಸೆಪ್ಟೆಂಬರ್, ಭಾನುವಾರ

ನಾಳೆ ಗೌರಿ-ಗಣೇಶ. ಕೆಳಗಿನ ಮನೆಯ ತಾತನಿಗೆ ಬಾಗಿನದ ಸಾಮಾನು ತರಲು ನಾನೇ ಜೊತೆ ಹೋಗಿದ್ದೆ. ದಿನ್ನೂರು ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ವಾಪಸು ಬಂದು ಕಾಫಿ ಕುಡಿಯುತ್ತಾ ನನ್ನ ಕೆಲಸದ ವಿಚಾರ ಕೇಳಿದರು. ಅವರು ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು ಎಂದು ಚಿಕ್ಕಮ್ಮ ಹೇಳಿದ್ದರು. ಸೋಪಿನ ಕೆಲಸ ನನ್ನ ಕೆಲಸಕ್ಕೆ ಇಷ್ಟು ಹತ್ತಿರ ಎಂದು ಗೊತ್ತಾದದ್ದು ಇವತ್ತು.

ಎಣ್ಣೆಯೊಳಗೆ ಗ್ಲಿಸರಿನ್ ಇರುತ್ತದೆ, ಅದಕ್ಕೆ ಮೂರು ಕೊಬ್ಬಿನಾಮ್ಲ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಕೊಬ್ಬಿನಾಮ್ಲ ಸೋಪಾಗುತ್ತದೆ, ಗ್ಲಿಸರಿನ್ ಬಿಡುಗಡೆಯಾಗುತ್ತದೆ. ಉಪ್ಪುನೀರು ಹಾಕಿದರೆ ಸೋಪು ಮೇಲಕ್ಕೆ, ಗ್ಲಿಸರಿನ್ ನೀರಿನ ಜೊತೆ ಕೆಳಕ್ಕೆ. ನಮ್ಮಲ್ಲಿ ಎಣ್ಣೆಗೆ ಇನ್ನಷ್ಟು ಗ್ಲಿಸರಿನ್ ಸೇರಿಸಿ ಬೇಯಿಸುತ್ತೇವೆ. “ಹಾಗಾದ್ರೆ ನಾವು ಹೊರಗೆ ತೆಗೆದಿದ್ದನ್ನ ನೀವು ಒಳಗೆ ಹಾಕ್ತೀರಿ ಅನ್ನು” ಅಂತ ತಾತ ಖುಷಿಪಟ್ಟರು. ಹಿಂದಿನ ಕಾಲದ ಸೋಪು ಕುದಿಸುವ ಮೇಸ್ತ್ರಿಗಳು ಕ್ಷಾರ ಹೆಚ್ಚಾಗಿದೆಯೇ ಎಂದು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದರಂತೆ. ಈಗ ಅದಕ್ಕೆ ಫಿನಾಲ್ಫ್ತಲೀನ್ ಇದೆ.

ತಮ್ಮ ಫ್ಯಾಕ್ಟರಿ ಹುಟ್ಟಿದ ಕತೆಯನ್ನೂ ತಾತ ಹೇಳಿದರು. ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಿತು. ಕೊರಡು ಇಲ್ಲೇ ಉಳಿಯಿತು. ನಾನು ದಿನಾ ಬಸ್ಸಿನಲ್ಲಿ ದಾಟುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದೆಣ್ಣೆ ಬಟ್ಟಿ ಇಳಿಸಿ ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆಗೆ ಕೈಹಾಕಿದರು. ಎಸ್.ಜಿ. ಶಾಸ್ತ್ರಿಯವರನ್ನು ಈ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಅವರು ಕಲಿತು ಬಂದ ಮೇಲೆ 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಹೊರಬಂತು. 1957ರಲ್ಲಿ ಕಾರ್ಖಾನೆ ಈಗಿರುವ ಯಶವಂತಪುರದ ಕಡೆಗೆ ಬಂತು. ಇವತ್ತು ಅಲ್ಲಿಯ ಮೆಟ್ರೋ ನಿಲ್ದಾಣಕ್ಕೂ ಅದರದೇ ಹೆಸರು.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಶಾಸ್ತ್ರಿಯವರನ್ನು ಕಳಿಸಿದ ವಿಚಾರ. ಮರ ಇತ್ತು, ದುಡ್ಡು ಇತ್ತು. ಆದರೂ ಒಬ್ಬ ಮನುಷ್ಯನಿಗೆ ಕೆಲಸ ಕಲಿಸಲು ರಾಜ್ಯ ಖರ್ಚು ಮಾಡಿತು, ಕಾದಿತು.

5 ಅಕ್ಟೋಬರ್, ಗುರುವಾರ

ಇವತ್ತು ಒಂದು ಬ್ಯಾಚನ್ನು ಚಾರ್ಜಿನಿಂದ ಹಿಡಿದು ಪೂರ್ತಿ ನೋಡಿದೆ. ಬೆಳಗಿನ ಶಿಫ್ಟು ಮುಗಿದರೂ ಮನೆಗೆ ಹೋಗಲು ಮನಸ್ಸು ಬರಲಿಲ್ಲ, ಕೇಳಿಕೊಂಡು ಸಂಜೆಯವರೆಗೆ ಉಳಿದೆ.

ಮೊದಲು ಸೋಯಾ ಎಣ್ಣೆ, ಗ್ಲಿಸರಿನ್, ಚಿಟಿಕೆ ಕ್ಯಾಟಲಿಸ್ಟ್. ಅಜಿಟೇಟರ್ ಹಾಕಿ, ನೈಟ್ರೋಜನ್ ಬಿಟ್ಟು, 240 ಡಿಗ್ರಿಯ ಹತ್ತಿರಕ್ಕೆ ಏರಿಸಿದರು. ಎಣ್ಣೆ ಮಿಥನಾಲ್‌ನಲ್ಲಿ ಕರಗುವುದಿಲ್ಲ, ಕಲಕಿದರೆ ಹಾಲಿನಂತೆ ಬಿಳಿಚುತ್ತದೆ. ಒಳಗೆ ಕೆಲಸ ಆಗಿದ್ದರೆ ಸ್ಯಾಂಪಲ್ ಮಿಥನಾಲ್‌ನಲ್ಲಿ ತಿಳಿಯಾಗಿ ಬೆರೆಯುತ್ತದೆ. ಅಣ್ಣ ಟೆಸ್ಟ್‌ಟ್ಯೂಬನ್ನು ಬೆಳಕಿಗೆ ಹಿಡಿದು, “ಇದರ ಹಿಂದೆ ಪೇಪರಿನ ಅಕ್ಷರ ಓದೋಕಾಗ್ಬೇಕು” ಅಂದರು. ಮೊದಲ ಸಲ ಮಬ್ಬು. ಅರ್ಧ ಗಂಟೆ ಬಿಟ್ಟು ತೆಗೆದಾಗ ಅಕ್ಷರ ಕಂಡಿತು.

ಆಮೇಲೆ 180ಕ್ಕೆ ಇಳಿಸಿದರು. ಏಕೆ ಇಳಿಸಬೇಕು ಎಂದು ಕೇಳಿದೆ. ಮುಂದೆ ಹಾಕುವ ಥ್ಯಾಲಿಕ್ ಅನ್‌ಹೈಡ್ರೈಡ್ ಬಿಳಿ ಚಕ್ಕೆ ಚಕ್ಕೆಯಾದ ಪುಡಿ. 131 ಡಿಗ್ರಿಗೆ ಕರಗುತ್ತದೆ, ಇನ್ನೂ ಬಿಸಿಯಾದರೆ ಹೊಗೆಯಾಗಿ ಎದ್ದು ಮೂಗು ಕಣ್ಣು ಸುಡುತ್ತದೆ. ಹುಟ್ಟುವ ನೀರನ್ನು ಹೊರಕ್ಕೆ ಒಯ್ಯಲು ಜೊತೆಗೆ ಹಾಕುವ ಕ್ಸೈಲೀನ್ 140ರ ಆಸುಪಾಸಿಗೆ ಕುದಿಯುತ್ತದೆ. 240ರಲ್ಲಿರುವ ಎಣ್ಣೆಗೆ ಅದನ್ನು ಸುರಿದರೆ ಒಮ್ಮೆಲೇ ಆವಿಯಾಗಿ ಬ್ಯಾಚ್ ಮ್ಯಾನ್‌ಹೋಲಿನಿಂದ ಉಕ್ಕುತ್ತದೆ. 25 ಕಿಲೋದ 12 ಚೀಲ ಥ್ಯಾಲಿಕ್ ಒಂದೊಂದಾಗಿ ಒಳಗೆ ಹೋಯಿತು. ಚೀಲ ಒದರುವವರು ರೆಸ್ಪಿರೇಟರ್ ಹಾಕಿದ್ದರು. ನನ್ನನ್ನು ದೂರ ನಿಲ್ಲಿಸಿದ್ದರು.

ಆಮೇಲೆ ನನಗೆ ಪೆನ್ನು ಕೊಟ್ಟರು. ಅರ್ಧ ಗಂಟೆಗೊಮ್ಮೆ ಒಳಗಿನ ಟೆಂಪರೇಚರ್, ಜಾಕೆಟ್ ಟೆಂಪರೇಚರ್, ಪ್ರೆಷರ್, ಡಿಕ್ಯಾಂಟರಿನಿಂದ ತೆಗೆದ ನೀರಿನ ತೂಕ. ಅಣ್ಣ ಲೆಕ್ಕ ಹಾಕಲು ಹೇಳಿದರು. 148 ಕಿಲೋ ಥ್ಯಾಲಿಕ್‌ಗೆ 18 ಕಿಲೋ ನೀರು ಹುಟ್ಟಬೇಕು. 300ಕ್ಕೆ 36 ಕಿಲೋ ಚಿಲ್ಲರೆ. ಕೆಲಸ ಎಷ್ಟು ಆಗಿದೆ ಎಂಬುದಕ್ಕೆ ಈ ನೀರೇ ಸಾಕ್ಷಿ. ಐಟಿಐನಲ್ಲಿ ಈ ಸಮೀಕರಣವನ್ನು ಪರೀಕ್ಷೆಗೆ ಬರೆದಿದ್ದೆ. ಇವತ್ತು ಅದು ಕ್ಯಾನಿನಲ್ಲಿ ತೂಗುತ್ತಿತ್ತು.

ಇನ್ನೊಂದು ಸಾಕ್ಷಿ ಆಸಿಡ್ ವ್ಯಾಲ್ಯೂ. ಎರಡು ಗ್ರಾಂ ರೆಸಿನ್ ತೂಗಿ, ಟಾಲೂಯೀನ್ ಮತ್ತು ಆಲ್ಕೋಹಾಲ್ ಮಿಶ್ರಣದಲ್ಲಿ ಕರಗಿಸಿ, ಬ್ಯುರೆಟ್ಟಿನಿಂದ 0.1 ನಾರ್ಮಲ್ ಪೊಟ್ಯಾಶ್ ಹನಿಹನಿಯಾಗಿ ಬಿಡುವುದು. ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ಮುಗಿಯಿತು. ನಾಲ್ಕನೇ ಸ್ಯಾಂಪಲ್ಲಿಗೆ 6.4 ಮಿಲಿಲೀಟರ್ ಹಿಡಿಯಿತು, ಅಂದರೆ 18. ಅದು 10ರ ಕೆಳಗೆ ಇಳಿಯಬೇಕು. ಸಂಜೆಗೆ ಇಳಿಯಿತು. ಆಸಿಡ್ ವ್ಯಾಲ್ಯೂ ಇಳಿಯುತ್ತಿದ್ದ ಹಾಗೆ ರೆಸಿನ್ ದಪ್ಪವಾಗುತ್ತದೆ. ಗಾಜಿನ ಕಡ್ಡಿಯಲ್ಲಿ ಎತ್ತಿದರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ಅಲ್ಲಿಗೂ ನಿಲ್ಲಿಸದೆ ಬೇಯಿಸುತ್ತಾ ಹೋದರೆ ಬ್ಯಾಚೆಲ್ಲ ರಬ್ಬರಿನ ಮುದ್ದೆಯಾಗಿ ರಿಯಾಕ್ಟರಿನಲ್ಲೇ ಕೂತುಬಿಡುತ್ತದಂತೆ. ಆಮೇಲೆ ಉಳಿ ಸುತ್ತಿಗೆಯೇ ಗತಿ.

ಅಣ್ಣ ಹೇಳಿದ ಒಂದು ಮಾತು ಇಲ್ಲಿ ಬರೆದಿಡಬೇಕು: “ಗೇಜು ಏನು ತೋರಿಸ್ತದೋ ಅದನ್ನ ಬರಿ. ಏನು ತೋರಿಸ್ಬೇಕಿತ್ತೋ ಅದನ್ನ ಬರೀಬೇಡ.”

21 ಅಕ್ಟೋಬರ್, ಶನಿವಾರ

ಸೋಮವಾರದಿಂದ ಹಬ್ಬದ ರಜೆ. ಆದ್ದರಿಂದ ಆಯುಧಪೂಜೆ ಇವತ್ತೇ ಆಯಿತು. ರಿಯಾಕ್ಟರಿಗೆ, ಪಂಪುಗಳಿಗೆ ಅರಿಶಿನ ಕುಂಕುಮ, ಚೆಂಡುಹೂವು. ಕರ್ಪೂರ ಮಾತ್ರ ಪ್ಲಾಂಟಿನೊಳಗೆ ಇಲ್ಲ. ಕ್ಸೈಲೀನ್ ಆವಿ 30 ಡಿಗ್ರಿಗಿಂತ ಕಡಿಮೆ ಬಿಸಿಗೇ ಕಿಡಿ ಹಿಡಿಯಬಲ್ಲದು. ಮಂಗಳಾರತಿ ಗೇಟಿನ ಬಳಿ, ಕುಂಬಳಕಾಯಿ ಒಡೆದದ್ದು ರಸ್ತೆಯಲ್ಲಿ. ಪೂಜೆ ಮಾಡಿದ ಭಟ್ಟರಿಗೂ ಹೆಲ್ಮೆಟ್ ಹಾಕಿಸಿದ್ದರು. ಭಕ್ತಿಗೆ ಇದರಿಂದ ಕೊರತೆ ಆಯಿತು ಎಂದು ಯಾರಿಗೂ ಅನ್ನಿಸಲಿಲ್ಲ.

14 ನವೆಂಬರ್, ಬಲಿಪಾಡ್ಯಮಿ
ಗೌರಿಬಿದನೂರು

ಐಟಿಐನ ಗೆಳತಿ ಸಿಕ್ಕಿದ್ದಳು. ಅವಳೂ ನನ್ನ ಟ್ರೇಡೇ, ಬೇರೊಂದು ಊರಿನ ಕಾರ್ಖಾನೆಯಲ್ಲಿ ಅಪ್ರೆಂಟಿಸ್. ಸೇರಿದಾಗಿನಿಂದ ಡಬ್ಬಕ್ಕೆ ಲೇಬಲ್ ಅಂಟಿಸುತ್ತಿದ್ದಾಳೆ. ರಿಯಾಕ್ಟರಿನ ಕಡೆಗೆ ಹೋದರೆ “ಹೆಣ್ಣುಮಗು, ನಿನಗ್ಯಾಕೆ ಅದೆಲ್ಲ” ಅನ್ನುತ್ತಾರಂತೆ. ಅವಳ ತರಬೇತಿ ಪುಸ್ತಕದಲ್ಲಿ ಮಾತ್ರ ‘ಡಿಸ್ಟಿಲೇಶನ್ ಕಲಿಸಲಾಯಿತು’, ‘ಹೀಟ್ ಎಕ್ಸ್‌ಚೇಂಜರ್ ಕಲಿಸಲಾಯಿತು’ ಎಂದು ವಾರವಾರವೂ ಸಹಿ ಬೀಳುತ್ತಿದೆ.

ಅಪ್ರೆಂಟಿಸ್ ಕಾಯಿದೆ 1961ರದು. ಕಾರ್ಖಾನೆಯೂ ಅಪ್ರೆಂಟಿಸೂ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಕಲಿಸುವುದು ಕಾರ್ಖಾನೆಯ ಕರ್ತವ್ಯ, ಕಲಿಯುವುದು ನಮ್ಮ ಕರ್ತವ್ಯ. ವಿಶೇಷ ಅನುಮತಿ ಇಲ್ಲದೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಮ್ಮನ್ನು ದುಡಿಸುವಂತಿಲ್ಲ ಎಂದು ನಿಯಮ ಬರೆದವರು ನಾವು ವಿದ್ಯಾರ್ಥಿಗಳು ಎಂದು ತಿಳಿದೇ ಬರೆದಿದ್ದಾರೆ. ತಿಂಗಳಿಗೆ ಎಂಟು ಸಾವಿರದ ಆಸುಪಾಸು ಸ್ಟೈಪೆಂಡಿಗೆ ಒಬ್ಬಳು ಲೇಬಲ್ ಅಂಟಿಸುವವಳು ಸಿಕ್ಕಿದಳು ಎಂದು ಲೆಕ್ಕ ಹಾಕುವ ಕಾರ್ಖಾನೆಯ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಾಳೆ ಇವಳು ಆಪರೇಟರ್ ಎಂದು ಎಲ್ಲೋ ಸೇರುತ್ತಾಳೆ. ಕೈಗೆ ವಾಲ್ವ್ ಕೊಡುತ್ತಾರೆ. ಕಲಿಸಿದ್ದೇವೆ ಎಂದು ಹಾಕಿದ ಆ ಸಹಿ ಆವತ್ತು ಅವಳ ರಕ್ಷಣೆಗೆ ಬರುವುದಿಲ್ಲ.

ಹಬ್ಬದ ದಿನ ಅವಳು ಅತ್ತಳು. ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ಎಲ್ಲ ಕಳಿಸಿದೆ. ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಕಚೇರಿಗೆ ಅರ್ಜಿ ಬರೆಯೋಣ ಎಂದೂ ಹೇಳಿದ್ದೇನೆ.

4 ಡಿಸೆಂಬರ್, ಸೋಮವಾರ

ಕೆಲಸಕ್ಕೆ ಮುಂಚೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಭೋಪಾಲ್ ಅನಿಲ ದುರಂತದ ಬಗ್ಗೆ ಮಾತಾಡಿದರು. 1984ರ ಡಿಸೆಂಬರ್ 2ರ ರಾತ್ರಿ. ಸೇಫ್ಟಿ ಆಫೀಸರ್ ಸರ್ ಸತ್ತವರ ಸಂಖ್ಯೆಯಿಂದ ಶುರುಮಾಡಲಿಲ್ಲ. ಬೋರ್ಡಿನ ಮೇಲೆ ಎರಡು ಅಂಕಿ ಬರೆದರು. ರಾತ್ರಿ 10.20: 2. ರಾತ್ರಿ 11: 10.

ಟ್ಯಾಂಕ್ 610ರಲ್ಲಿ ಸುಮಾರು 40 ಟನ್ ಮಿಥೈಲ್ ಐಸೋಸಯನೇಟ್ ಇತ್ತು. ಅದಕ್ಕೆ ನೀರು ಸೇರಿತ್ತು. ಪ್ರೆಷರ್ 2 ಪಿಎಸ್‌ಐ ಇದ್ದದ್ದು 10 ಆಯಿತು. ನಡುವೆ ಶಿಫ್ಟ್ ಬದಲಾಗಿತ್ತು. ಹೊಸದಾಗಿ ಬಂದವರಿಗೆ 10 ಎಂಬುದು ವಿಚಿತ್ರವಾಗಿ ಕಾಣಲಿಲ್ಲ, ಏಕೆಂದರೆ ಆ ಟ್ಯಾಂಕು 2ರಿಂದ 25ರವರೆಗೆ ಇರುವುದು ಮಾಮೂಲು. 10 ತಪ್ಪು ಅಂಕಿಯಲ್ಲ. ನಲವತ್ತು ನಿಮಿಷದಲ್ಲಿ 2ರಿಂದ 10ಕ್ಕೆ ಬಂದಿದೆ ಎಂಬುದು ಎರಡು ಸಾಲನ್ನೂ ಒಟ್ಟಿಗೆ ಓದಿದವರಿಗೆ ಮಾತ್ರ ಕಾಣುತ್ತಿತ್ತು. ಟ್ಯಾಂಕನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಫ್ಲೇರ್ ಟವರಿನ ಪೈಪು ಬಿಚ್ಚಿತ್ತು. ಇವು ಆಡಳಿತದ ತೀರ್ಮಾನಗಳು. ಆಪರೇಟರುಗಳ ತಲೆಗೆ ಕಟ್ಟುವುದು ಅನ್ಯಾಯ ಎಂದು ಸರ್ ಬಿಡಿಸಿ ಹೇಳಿದರು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಟ್ಯಾಂಕು ಒಳಗೊಳಗೇ ಕಾದು ಆವಿ ಹೊರಬಂದದ್ದನ್ನೂ ನೆನಪಿಸಿದರು.

ಬಸ್ಸಿನಲ್ಲಿ ಬರುವಾಗ ಆ ಎರಡು ಅಂಕಿ ತಲೆಯಿಂದ ಹೋಗಲಿಲ್ಲ. ಶಿಫ್ಟ್ ಬದಲಾಗುವಾಗ ಹಿಂದಿನವರ ಹಾಳೆ ಓದದೆ ನನ್ನ ಸಾಲು ಶುರುಮಾಡುವುದಿಲ್ಲ.

11 ಜನವರಿ 2024, ಗುರುವಾರ

ಬೆಳಗಿನ ಶಿಫ್ಟು. ಥ್ಯಾಲಿಕ್ ಹಾಕಿ ಬಿಸಿ ಏರಿಸುತ್ತಿದ್ದರು. ಹೊರಗೆ ಚಳಿಗಾಳಿ. ನೀರು ಬರಲು ಶುರುವಾಗಿತ್ತು. ಎರಡನೇ ಗಂಟೆಯ ಮೊದಲ ರೀಡಿಂಗಿನಲ್ಲಿ ನೀರು ಕಡಿಮೆ, ಪ್ರೆಷರ್ ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟು ಮೇಲೆ. ಅರ್ಧ ಗಂಟೆಗೆ ಕಾಯದೆ ಹತ್ತು ನಿಮಿಷಕ್ಕೇ ಮತ್ತೆ ನೋಡಿದೆ. ನೀರು ನಿಂತಿದೆ, ಮುಳ್ಳು 0.2ಕ್ಕೆ ಬಂದಿದೆ. ಟೆಂಪರೇಚರ್ ಸರಿಯಾಗೇ ಇದೆ. ಪ್ರತಿ ಅಂಕಿಯೂ ಅದರ ಮಿತಿಯೊಳಗೇ ಇದೆ. ಆದರೆ ಕಾಯುತ್ತಿರುವ ಬ್ಯಾಚಿನಿಂದ ನೀರು ನಿಲ್ಲಲು ಕಾರಣವಿಲ್ಲ.

ಓಡಿ ಅಣ್ಣನಿಗೆ ಹಾಳೆ ತೋರಿಸಿದೆ. ಅವರು ಹಾಳೆ ನೋಡಿದರು, ಗೇಜು ನೋಡಿದರು, ಒಂದು ಮಾತೂ ಆಡದೆ ಥರ್ಮಿಕ್ ಫ್ಲೂಯಿಡ್ ಬೈಪಾಸ್ ಮಾಡಿ ಬಿಸಿ ನಿಲ್ಲಿಸಿದರು. ಆಮೇಲೆ ಸೂಪರ್‌ವೈಸರ್ ಸರ್ ಬಂದರು. ಥ್ಯಾಲಿಕ್ ಆವಿ ವೇಪರ್ ಲೈನಿನ ತಣ್ಣಗಿದ್ದ ಬಾಗಿನಲ್ಲಿ ಗಟ್ಟಿಯಾಗಿ ದಾರಿ ಕಟ್ಟುತ್ತಿತ್ತು. ಅಲ್ಲಿ ಸುತ್ತಿದ್ದ ಸ್ಟೀಮ್ ಟ್ಯೂಬಿಗೆ ಹಬೆ ಸರಿಯಾಗಿ ಹೋಗುತ್ತಿರಲಿಲ್ಲ. ಟ್ರ್ಯಾಪ್ ಸರಿಮಾಡಿ ಹಬೆ ಬಿಟ್ಟ ಮೇಲೆ ಅದು ಕರಗಿ ಇಳಿಯಿತು, ಮುಳ್ಳು ಸೊನ್ನೆಗೆ ಬಂತು, ನೀರು ಮತ್ತೆ ಶುರುವಾಯಿತು. ಬ್ಯಾಚ್ ಎರಡು ಗಂಟೆ ತಡ. ಯಾರೂ ಗೊಣಗಲಿಲ್ಲ.

ರಿಯಾಕ್ಟರಿಗೆ ರಪ್ಚರ್ ಡಿಸ್ಕ್ ಇದೆ, ರಿಲೀಫ್ ವಾಲ್ವ್ ಇದೆ. ನಾನು ನೋಡದಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಆದರೆ ಅವು ಕೊನೆಯ ಬಾಗಿಲುಗಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ತಮ್ಮ ಡಬ್ಬದ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿದರು. ಈ ಸಾಲು ಬರೆಯುವಾಗಲೂ ನನಗೆ ಸಂತೋಷವಾಗುತ್ತಿದೆ.

ಸಂಜೆ ತಾತನಿಗೆ ಹೇಳಿದೆ. ಅವರು ಬೇರೆ ಏನೂ ಕೇಳಲಿಲ್ಲ, “ಲಾಗ್ ಬುಕ್ಕಲ್ಲಿ ಇದನ್ನ ಬರೆದ್ಯಾ ಪುಟ್ಟಾ?” ಅಂದರು. ಬರೆದಿದ್ದೆ, ಸಮಯದ ಸಮೇತ.

4 ಮಾರ್ಚ್, ಸೋಮವಾರ

ರಾಷ್ಟ್ರೀಯ ಸುರಕ್ಷತಾ ದಿನ. ಪ್ರಮಾಣ ವಚನ, ಬ್ಯಾಡ್ಜು, ಸಿಹಿ. ಇದಕ್ಕಿಂತ ಹೋದ ವಾರ ಒಂದನೇ ರಿಯಾಕ್ಟರ್ ತೊಳೆದಾಗ ಕಂಡದ್ದು ನನಗೆ ಹೆಚ್ಚು. ಕಾಸ್ಟಿಕ್ ಹಾಕಿ ಕುದಿಸಿ, ತೊಳೆದು, ಎಲ್ಲ ಪೈಪಿಗೂ ಬ್ಲೈಂಡ್ ಪ್ಲೇಟ್ ಹಾಕಿ, ಅಜಿಟೇಟರಿನ ಸ್ವಿಚ್ಚಿಗೆ ಬೀಗ ಜಡಿದು, ಬೀಗದ ಕೈಯನ್ನು ಒಳಗೆ ಇಳಿಯುವವನ ಜೇಬಿಗೇ ಹಾಕಿದರು. ಒಳಗಿನ ಆಮ್ಲಜನಕ ಅಳೆದರು. 19.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಪ್ರವೇಶವಿಲ್ಲ. ನೈಟ್ರೋಜನ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಹೋದವನಿಗೆ ಉಸಿರು ಕಟ್ಟುತ್ತಿದೆ ಎಂದು ಗೊತ್ತಾಗುವುದರೊಳಗೆ ಕೈಕಾಲು ಬಿದ್ದಿರುತ್ತದೆ. ಮ್ಯಾನ್‌ಹೋಲಿನ ಬಳಿ ಕಾವಲಿಗಿದ್ದವರು ಆ ಒಂದು ಗಂಟೆ ಒಳಗಿದ್ದವನ ಮೇಲಿಂದ ಕಣ್ಣು ಕದಲಿಸಲಿಲ್ಲ.

15 ಜೂನ್, ಶನಿವಾರ

ಗೆಳತಿಯ ಅರ್ಜಿಗೆ ಫಲ ಸಿಕ್ಕಿದೆ. ಮುಂದಿನ ವಾರದಿಂದ ಅವಳಿಗೆ ಪ್ಲಾಂಟಿನಲ್ಲಿ ಡ್ಯೂಟಿ.

ನಮ್ಮಲ್ಲಿಗೆ ಹೊಸ ಅಪ್ರೆಂಟಿಸ್‌ಗಳು ಬರುತ್ತಿದ್ದಾರೆ. ಪ್ಯಾಕಿಂಗಿನಲ್ಲಿ ಜನ ಕಡಿಮೆ, ಮೊದಲ ತಿಂಗಳು ಅಲ್ಲಿಗೆ ಹಾಕೋಣ ಎಂಬ ಮಾತು ಬಂತು. ನಾನು ಪ್ರೊಡಕ್ಷನ್ ಮ್ಯಾನೇಜರ್ ಸರ್ ಹತ್ತಿರ ಹೋಗಿ, ದಯವಿಟ್ಟು ಬೇಡ ಸರ್, ಮೊದಲು ಪೈಪ್ ಲೈನ್ ಬರೆಯಲಿ, ಆಮೇಲೆ ಲಾಗ್‌ಶೀಟಿಗೆ ಕೂರಿಸಿ ಎಂದು ಕೇಳಿಕೊಂಡೆ. ಅಣ್ಣನೂ ಜೊತೆಗೆ ಬಂದಿದ್ದರು. ಜನವರಿಯ ಹಾಳೆಯ ಜೆರಾಕ್ಸ್ ಅವರ ಕೈಯಲ್ಲಿತ್ತು. ಸರ್ ಅದನ್ನು ನೋಡಿ ಒಪ್ಪಿದರು. ಸೋಮವಾರ ಬೆಳಗ್ಗೆ ಆರಕ್ಕೆ ಹೊಸಬರು ಎರಡನೇ ರಿಯಾಕ್ಟರ್ ಹತ್ತಿರ ನನ್ನ ಜೊತೆ ಇರುತ್ತಾರೆ.